ಹುಣಸೆಮರದ ಕೆಳಗೆ ಹೆಸರು ಹೇಳಬಾರದು

ಓದಿದವರ ಧೈರ್ಯಕ್ಕೆ ಒಂದು ದೋಷವಿದೆ. ಕುರ್ಚಿಯ ಮೇಲೆ ಕೂತಿರುವಾಗ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ಸದ್ಯ ಕಲಬುರಗಿಯ ಒಂದು ಕಚೇರಿಯಲ್ಲಿ ಪಿಂಚಣಿ ಕಡತಗಳ ನಡುವೆ ಇದ್ದೇನೆ. ನನ್ನ ಪಕ್ಕದ ಮೇಜಿನ ದೇಶಮುಖರು ಬೆಕ್ಕು ಅಡ್ಡ ಬಂತೆಂದು ತಡವಾಗಿ ಬಂದಾಗಲೆಲ್ಲ ಅವರಿಗೆ ಕಾರ್ಯಕಾರಣ ಸಂಬಂಧದ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟಿದ್ದೇನೆ. ಅಂಥ ನಾನು ಕಳೆದ ಫೆಬ್ರವರಿಯಿಂದ ಸಿಗ್ನಲ್‌ನಲ್ಲಿ ನಿಂತಾಗ ಸ್ಕೂಟರಿನ ಹ್ಯಾಂಡಲ್ಲನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿರುತ್ತೇನೆ. ಹಸಿರು ದೀಪ ಬಂದರೂ ಹೊರಡುವುದಿಲ್ಲ. ಹಿಂದಿನ ಆಟೋದವನು "ಕ್ಯಾ ಚಾಚಾ, ಸೋ ಗಯೇ ಕ್ಯಾ?" ಎಂದು ಕೂಗಿದ ಮೇಲೆ, ನನ್ನ ಕೈಯಲ್ಲಿರುವುದು ಏಣಿಯಲ್ಲ ಎಂಬುದು ನೆನಪಾಗುತ್ತದೆ.

ಏಣಿಯ ಕತೆ ಹೇಳುವುದಕ್ಕೆ ಮೊದಲು ಹೆಂಡತಿಯ ಕ್ಯಾಮೆರಾದ ಕತೆ ಹೇಳಬೇಕು. ವಸುಧಾ ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಆರು ವರ್ಷಗಳ ಹಿಂದೆ ಕ್ಯಾಮೆರಾ ಕೊಂಡಳು. ಅಂದಿನಿಂದ ನಮ್ಮ ಮನೆಯ ಫೋಟೋಗಳಲ್ಲಿ ಮೈನಾ ಇದೆ, ಮಿಂಚುಳ್ಳಿ ಇದೆ, ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಕಾಂಪೌಂಡಿನ ಓತಿಕೇತ ನಾಲ್ಕು ಭಂಗಿಗಳಲ್ಲಿದೆ. ನಾನಿಲ್ಲ. ಒಮ್ಮೆ ನನ್ನ ಹೆಗಲ ಮೇಲೆ ಮಿಡತೆ ಕೂತಿತ್ತು. ಆ ಫೋಟೋದಲ್ಲಿ ಮಿಡತೆಯ ಮೀಸೆ ಕೂಡ ಎಣಿಸಬಹುದು, ನನ್ನ ಮುಖ ಮಾತ್ರ ಹಿನ್ನೆಲೆಯಲ್ಲಿ ಮಂಜುಮಂಜಾಗಿದೆ. ನನಗೇನೂ ಬೇಸರವಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಹಿನ್ನೆಲೆ ಒಂದು ಆರಾಮದ ಜಾಗ.

ಫೆಬ್ರವರಿಯಲ್ಲಿ ಕಮಲಾಪುರದಿಂದ ಸುಶೀಲಾ ಮೌಶಿಯ ಫೋನು ಬಂತು. ಮೌಶಿ ಎಂದರೆ ವಸುಧಾಳ ತಾಯಿಯ ತಂಗಿ. "ಹಿತ್ತಲ ಹುಣಸಿಗಿಡದ ಪೊಟರಿನ್ಯಾಗ ಗೂಗಿ ಸಂಸಾರ ಹೂಡ್ಯದವಾ. ಮರಿ ಮಾಡ್ಯದ. ಕ್ಯಾಮೆರಾ ತಗೊಂಡು ಬಾ. ಅಳಿಯಂದ್ರನ್ನೂ ಕರಕೊಂಡು ಬಾ, ನಿಚ್ಚಣಿಕಿ ಹಿಡೀಲಿಕ್ಕ ಒಬ್ರು ಬೇಕಾಗ್ತದ." ಮೌಶಿ ನನ್ನ ಹೆಸರು ಹೇಳುವುದಿಲ್ಲ, ಅಳಿಯನ ಹೆಸರು ಹಿಡಿಯುವುದು ಅವರಲ್ಲಿ ರೂಢಿಯಿಲ್ಲ. ನನ್ನ ಹೆಸರು ಪ್ರಹ್ಲಾದ ಎಂಬುದನ್ನು ಅವರು ಮರೆತೇಬಿಟ್ಟಿರಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ.

ಭಾನುವಾರ ಹೋದೆವು. ಮೌಶಿ ಊರಿನ ಕೆಂಪು ಬಾಳೆಹಣ್ಣು ಕೊಟ್ಟರು, ಚಹಾ ಕೊಟ್ಟರು, ಆಮೇಲೆ ಒಂದು ಕಟ್ಟಳೆಯನ್ನೂ ಕೊಟ್ಟರು. "ಗೂಗಿ ಲಕ್ಷ್ಮೀ ವಾಹನ, ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಗಿಡದ ಕೆಳಗ ಯಾರ ಹೆಸರೂ ತಗೋಬ್ಯಾಡ್ರಿ. ಅದು ಕೇಳಿ ಕಲೀತದ. ಕಲಿತದ್ದನ್ನ ರಾತ್ರಿ ಕೂತು ಕರೀತದ. ಕರಿಸಿಕೊಂಡವ್ರು ಉಳಿಯಂಗಿಲ್ಲ."

ನಾನು ನಕ್ಕೆ. ಗೂಬೆಯ ಗಂಟಲಿನ ರಚನೆ, ಧ್ವನಿತರಂಗ, ಹೀಗೆ ಏನೇನೋ ಹೇಳಿದೆ. ಮೌಶಿ ಎಲ್ಲ ಕೇಳಿಕೊಂಡು, "ಹೌದ್ರಿ, ನೀವು ಓದಿದವ್ರು. ಆದ್ರೂ ತಗೋಬ್ಯಾಡ್ರಿ" ಎಂದರು.

ಹುಣಸೆಮರಕ್ಕೆ ಏಣಿ ಹಚ್ಚಿದರೆ ತಾಯಿಗೂಬೆ ಗಾಬರಿಯಾಗಿ ಗೂಡು ಬಿಡುತ್ತದೆ ಎಂದು ವಸುಧಾ ಪಕ್ಕದ ಬೇವಿನ ಮರ ಆರಿಸಿದಳು. ಎರಡೂ ಮರಗಳ ಕೊಂಬೆಗಳು ಮೇಲೆ ಒಂದರೊಳಗೊಂದು ಹೊಕ್ಕಿದ್ದವು. ಬೇವಿನ ಬುಡದಲ್ಲಿ ಮೌಶಿ ಅಂಗಳಕ್ಕೆಂದು ತರಿಸಿಟ್ಟ ಶಹಾಬಾದ್ ಫರಸಿ ಕಲ್ಲುಗಳು ಅಂಚು ಮೇಲಾಗಿ ಸಾಲಾಗಿ ನಿಂತಿದ್ದವು. ನಾನು ಏಣಿಯನ್ನು ಶಾಸ್ತ್ರೋಕ್ತವಾಗಿ ನಿಲ್ಲಿಸಿದೆ. ಒರಗಿಸಿದ ಏಣಿ ಯಾವ ಕೋನದಲ್ಲಿ ಜಾರುವುದಿಲ್ಲ ಎಂಬ ಲೆಕ್ಕವನ್ನು ಬಿ.ಎಸ್ಸಿ. ಮೊದಲ ವರ್ಷದಲ್ಲೇ ಮಾಡಿದ್ದೇನೆ, ಪೂರ್ತಿ ಅಂಕ ಬಂದಿತ್ತು. ಏಣಿ ಹಿಡಿದವನು ಕೈ ಬಿಟ್ಟರೆ ಏನಾಗುತ್ತದೆ ಎಂದು ಆ ಲೆಕ್ಕದಲ್ಲಿ ಕೇಳಿರಲಿಲ್ಲ.

ಸಂಜೆ ಐದರ ಬಿಸಿಲು ಪೊಟರೆಯ ಮೇಲೆ ಬಿದ್ದಿತ್ತು. ತಾಯಿಗೂಬೆ ಬಾಗಿಲಲ್ಲೇ ಕೂತಿತ್ತು. ಹಿಡಿಗಾತ್ರ, ಬೂದುಬಣ್ಣದ ಮೇಲೆ ಬಿಳಿ ಚುಕ್ಕೆ, ಕಡತ ತಡವಾದದ್ದಕ್ಕೆ ವಿವರಣೆ ಕೇಳುವ ಮೇಲಧಿಕಾರಿಯ ಹುಬ್ಬು. ವಸುಧಾ ಹತ್ತನೇ ಮೆಟ್ಟಿಲಲ್ಲಿ ನಿಂತು, ಎಡಗೈಯನ್ನು ಕೊಂಬೆಗೆ ಸುತ್ತಿ, ಕಣ್ಣನ್ನು ಕ್ಯಾಮೆರಾಕ್ಕೆ ಅಂಟಿಸಿದ್ದಳು. ಮೇಲೆ ಟಿಕ್ ಟಿಕ್ ಎಂಬ ಸಣ್ಣ ಸದ್ದು. ಬಹಳ ನೆಮ್ಮದಿಯ ಹೊತ್ತು ಅದು.

ಆಗ ಆ ಕೊಂಬೆ ಅಲುಗಿತು. ಕೊಂಬೆಯಲ್ಲ, ಹಾವು. ಮರಿಗಳ ವಾಸನೆ ಹಿಡಿದು ಬೇವಿನಿಂದ ಹುಣಸೆಗೆ ಹೊರಟಿತ್ತು. ದಾರಿಯಲ್ಲಿ ನನ್ನ ಹೆಂಡತಿಯ ಕೈ ಇತ್ತು.

ಆ ಕ್ಷಣವನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. "ವಸು" ಎಂಬ ಎರಡು ಅಕ್ಷರ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಗೂಬೆ ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿತು. ಆಮೇಲೆ ತಲೆಯನ್ನು ಒಂದಿಷ್ಟು ವಾಲಿಸಿತು, ಸರಿಯಾಗಿ ಕೇಳಿಸಲಿ ಎನ್ನುವವರ ಹಾಗೆ. ಎಂ.ಎಸ್ಸಿ. ಭೌತಶಾಸ್ತ್ರ ಆ ಎರಡು ಅಕ್ಷರಗಳನ್ನು ನುಂಗಿಕೊಂಡಿತು.

"ಏ, ಇಲ್ನೋಡು" ಎಂದೆ.

"ಕನ್ನಡಕ ನಿಮ್ಮ ತಲಿ ಮ್ಯಾಲೇ ಅದ" ಎಂದಳು ವಸುಧಾ, ತಿರುಗದೆ.

ತಪ್ಪು ಅವಳದಲ್ಲ. ಇಪ್ಪತ್ತೆರಡು ವರ್ಷಗಳಿಂದ ನನ್ನ "ಏ, ಇಲ್ನೋಡು" ಕನ್ನಡಕ, ಟವೆಲು, ಸ್ಕೂಟರಿನ ಕೀಲಿಕೈ ಇಷ್ಟಕ್ಕೇ ಸಂಬಂಧಿಸಿದ್ದು. "ಏ, ಹಾವು" ಎನ್ನಬಹುದಿತ್ತು, ಹೊಳೆಯಲಿಲ್ಲ. ಇನ್ನೊಮ್ಮೆ "ಏ" ಎಂದೆ. ಹಾವು ಅವಳ ಮೊಣಕೈಗೆ ಒಂದು ಗೇಣು ದೂರದಲ್ಲಿತ್ತು.

ಕೊನೆಗೆ ಕೆಲಸ ಮಾಡಿದ್ದು ಗೂಬೆಯೇ. ಕಿರ್ರೆಂದು ಚೀರಿ ಎಗರಿ ಬಂದು ಹಾವಿನ ತಲೆಗೆ ಉಗುರು ಹಾಕಿತು. ಹಾವು ಹಿಡಿತ ತಪ್ಪಿ ಕೆಳಗೆ ಬಿತ್ತು. ಕೆಳಗೆ ಎಂದರೆ ನನ್ನ ಎಡಭುಜದ ಮೇಲೆ. ನಾನು ಎರಡೂ ಕೈ ಬಿಟ್ಟು ತುಳಸಿಕಟ್ಟೆಯ ತನಕ ಹಾರಿದೆ. ಏಣಿ ಜಾರಿ ನೆಲಕ್ಕೆ ಬಿತ್ತು. ವಸುಧಾ ಕೊಂಬೆಗೆ ನೇತಾಡುತ್ತಿದ್ದಳು. ಕೆಳಗೆ ಫರಸಿಯ ಅಂಚುಗಳು.

ಅಡುಗೆಮನೆಯ ಬಾಗಿಲಿಂದ ಮೌಶಿಯ ಧ್ವನಿ ಬಂತು. "ವಸುಧಾ, ಕೊಂಬಿ ಬಿಡಬ್ಯಾಡ. ವಸುಧಾ, ಎರಡೂ ಕೈಲೆ ಹಿಡಿ. ಕೆಳಗ ನೋಡಬ್ಯಾಡ ವಸುಧಾ." ಅರವತ್ತೆಂಟರ ಹೆಂಗಸು ಓಡಿ ಬಂದು ಏಣಿಯ ಒಂದು ತುದಿ ಎತ್ತಿ, "ಹಾವಿಂದು ಆಮ್ಯಾಲೆ ನೋಡಿದ್ರಾತು ಅಳಿಯಂದ್ರ, ಮೊದಲ ಆ ಕಡೆ ಎತ್ತ್ರಿ" ಎಂದರು. ಎತ್ತಿದೆ. ವಸುಧಾಳ ಕಾಲಿಗೆ ಮೆಟ್ಟಿಲು ಸಿಗುವ ತನಕ ಇಬ್ಬರೂ ಏಣಿಯನ್ನು ಒತ್ತಿ ಹಿಡಿದೆವು.

ವಸುಧಾ ಕೆಳಗಿಳಿದು, ಅದೇ ಫರಸಿಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದಳು. "ಕೇರಿ ಹಾವು ಅದು. ವಿಷ ಇರಂಗಿಲ್ಲ" ಎಂದಳು. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು: "ಹೆಸರು ಹಿಡಿದು ಕರೀಲಿಕ್ಕ ಏನಾಗಿತ್ತು ನಿಮಗ?"

"ಮೌಶಿಯ ಮನಸ್ಸು ನೋಯಬಾರದು ಅಂತ" ಎಂದೆ.

ಮೌಶಿಯ ಮುಖ ಬಿಳಿಚಿಕೊಂಡಿತು. ತಾವು ಎಷ್ಟು ಸಲ, ಎಷ್ಟು ಗಟ್ಟಿಯಾಗಿ ಆ ಹೆಸರು ಕೂಗಿದ್ದೆವೆಂದು ಅವರಿಗೆ ಹೊಳೆದದ್ದು ಆಗ. ಒಂದು ಕ್ಷಣ ಯೋಚಿಸಿದರು. ಸೆರಗು ಸರಿಮಾಡಿಕೊಂಡು ಹುಣಸೆಮರದ ಕೆಳಗೆ ಹೋಗಿ, ಪೊಟರೆಯತ್ತ ಮುಖ ಮಾಡಿ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನನ್ನ ಹೆಸರು ಹೇಳಿದರು. ಮೂರು ಸಲ ಹೇಳಿದರು. ಅಡ್ಡಹೆಸರು, ಗೋತ್ರ ಕೂಡಿಸಿ ಹೇಳಿದರು. ಪಕ್ಷಿಗೆ ಗೊಂದಲವಾಗದಿರಲೆಂದು "ಕಲಬುರಗಿ, ಐವಾನ್-ಎ-ಶಾಹಿ" ಎಂದೂ ಸೇರಿಸಿದರು.

"ಇದೇನ್ರಿ ಮೌಶಿ?" ಎಂದೆ.

"ಕಡೀಕ ಕೇಳಿದ ಹೆಸರಷ್ಟೇ ಅದರ ನೆನಪಿನ್ಯಾಗ ಉಳೀತದ. ನಿಮಗ ಹೆಂಗೂ ಇದರ ಮ್ಯಾಲೆ ನಂಬಿಕಿ ಇಲ್ಲಲ್ಲ. ಕೈ ತೊಳ್ಕೋರಿ, ಬಿಸಿ ಭಕ್ಕರಿ ಹಾಕ್ತೇನಿ."

ವಸುಧಾ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಕೈ ತೊಳೆಯಲು ಹೋದೆ.

ಮೂರು ಮರಿಗಳೂ ಮಾರ್ಚಿನಲ್ಲಿ ಹಾರಿಹೋದವೆಂದು ಮೌಶಿ ಫೋನಿನಲ್ಲಿ ತಿಳಿಸಿದರು. ಫೋಟೋ ಬಹಳ ಚೆನ್ನಾಗಿ ಬಂದಿದೆ. ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದೇವೆ. ಅದರಲ್ಲಿ ಗೂಬೆ ಕ್ಯಾಮೆರಾವನ್ನು ನೋಡುತ್ತಿಲ್ಲ. ತಲೆ ವಾಲಿಸಿ ಕೆಳಗೆ, ನಾನು ನಿಂತಿದ್ದ ಕಡೆ ನೋಡುತ್ತಿದೆ. ಬಂದವರೆಲ್ಲ ಹೊಗಳುತ್ತಾರೆ. ಹೋದ ಭಾನುವಾರ ದೇಶಮುಖರು ಬಂದಿದ್ದರು. ಹಾಲ್‌ಗೆ ಕಾಲಿಟ್ಟು, ಫೋಟೋದ ನೇರ ಕೆಳಗೆ ನಿಂತು, "ಏನ್ರಿ ಪ್ರಹ್..." ಎಂದು ಶುರುಮಾಡಿದರು. ನಾನು ಅವರ ತೋಳು ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆತಂದು ಕೂಡಿಸಿದೆ. ಒಳಗೆ ಸೆಕೆ, ಇಲ್ಲಿ ಗಾಳಿ ಚೆನ್ನಾಗಿದೆ ಎಂದೆ.

ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಒಳಗೆ ಕೂಲರ್ ಓಡುತ್ತಿತ್ತು.