ಹಾವಿಗೆ ಕಾಯಿಸಿ ಆರಿಸಿದ ನೀರು

ನಮ್ಮ ಭಾವ ಹಾವಿಗಿಡುವ ನೀರನ್ನು ಮೊದಲು ತಾವು ಕುಡಿದು ನೋಡಿ, ಆಮೇಲೆ ಹಾವಿಗೆ ಇಡುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಅದೇ ಮನುಷ್ಯ, ನಮ್ಮಕ್ಕ ಮಾಡಿದ ಸಾರು ತಟ್ಟೆಗೆ ಬೀಳುವ ಮೊದಲೇ "ಉಪ್ಪು ಕಮ್ಮಿ" ಎಂದು ತೀರ್ಪು ಕೊಡುತ್ತಾರೆ ಎಂದರೆ ಖಂಡಿತ ನಂಬುತ್ತೀರಿ. ಎರಡಕ್ಕೂ ನಾನೇ ಸಾಕ್ಷಿ.

ಭಾವ ಸ್ವೀಡನ್ನಿನ ಲಿಂಕೋಪಿಂಗಿನಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವ ಇಂಜಿನಿಯರ್. ಆಕಾಶಕ್ಕೆ ಹೋಗುವ ಎಷ್ಟೋ ಸಾಮಾನನ್ನು ಧೈರ್ಯವಾಗಿ ಪಾಸು ಮಾಡಿದ್ದಾರೆ, ಅಡುಗೆಮನೆಯ ನಲ್ಲಿಯನ್ನು ಮಾತ್ರ ಇನ್ನೂ ಪಾಸು ಮಾಡಿಲ್ಲ. ಬೆಂಗಳೂರಿನ ಟ್ಯಾಂಕರ್ ನೀರು, ಬೋರ್‌ವೆಲ್ ನೀರು, ದಿನ ಬಿಟ್ಟು ದಿನ ಬರುವ ಕಾವೇರಿ ನೀರು, ಎಲ್ಲವನ್ನೂ ಅನುಮಾನಿಸಿಯೇ ದೊಡ್ಡವರಾದ ಜೀವ ಅದು. ಇಲ್ಲಿ ಜನ ನಲ್ಲಿಗೇ ಲೋಟ ಒಡ್ಡಿ ಕುಡಿಯುತ್ತಾರೆ. ಭಾವನ ನೀರು ಮಾತ್ರ ಕುದಿಯಬೇಕು, ಆರಬೇಕು, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು, ಬೆಳಗಿನವರೆಗೆ ತಾಮ್ರದ ಚೊಂಬಿನಲ್ಲಿ ತಪಸ್ಸು ಮಾಡಬೇಕು. ಆಫೀಸಿಗೂ ಬಾಟಲಿಯಲ್ಲಿ ಅದೇ ನೀರು. ಅದು ಯಾವುದೋ ದೇವರ ತೀರ್ಥವಿರಬೇಕೆಂದು ಸಹೋದ್ಯೋಗಿಗಳು ಫೀಕಾ ಎನ್ನುವ ಕಾಫಿ ವಿರಾಮಕ್ಕೆ ಕೂತಾಗ ತಮ್ಮ ಕಪ್ಪನ್ನು ಬಾಟಲಿಯಿಂದ ಒಂದು ಮೊಳ ದೂರ ಇಡುತ್ತಾರಂತೆ. ಬಾಯಿಬಿಟ್ಟು ಕೇಳಬಾರದೇ? ಸ್ವೀಡನ್ನಿನವರು ಹಾಗೆಲ್ಲ ಕೇಳುವವರಲ್ಲ.

ಇಂಥವರ ಮನೆಗೆ ಹಾವು ಬಂತು. ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ ಸ್ವೀಡಿಷ್ ಅಜ್ಜಿ ಕಳೆದ ಚಳಿಗಾಲ ಬಾಗಿಲ ಮುಂದಿನ ಹಿಮದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಂಬುಲೆನ್ಸಿಗೆ ಏರಿಸುವಾಗ ಭಾವನ ಕೈಗೆ ಬೀಗದ ಕೈ ತುರುಕಿ, "ನಾನು ಬರೋವರೆಗೂ ಸ್ಟಿಗ್‌ನ ನೋಡ್ಕೊಳ್ಳಿ" ಎಂದರು. ಬೆಕ್ಕಿರಬೇಕು ಎಂದುಕೊಂಡ ಭಾವ ಆಗಲಿ ಎಂದುಬಿಟ್ಟರು. ಬಾಗಿಲು ತೆಗೆದು ನೋಡಿದರೆ ಗಾಜಿನ ಪೆಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ, ವಿಷವಿಲ್ಲದ, ಒಂದಾಳು ಉದ್ದದ ಸ್ಟಿಗ್. ಮಾತು ಕೊಟ್ಟಾಗಿತ್ತು. ಪೆಟ್ಟಿಗೆ ಕೆಳಗಿಳಿದು ಬಂತು.

"ರೀ, ವರ್ಷಕ್ಕೊಂದು ಸಲ ನಾಗಪ್ಪನಿಗೆ ತನಿ ಎರೆಯೋದು ಬೇರೆ, ಸೋಫಾ ಪಕ್ಕ ಕೂರಿಸ್ಕೊಳ್ಳೋದು ಬೇರೆ" ಎಂದು ಅಕ್ಕ ರೇಗಿದಳು. ಆದರೂ ಮಾರನೆಯ ದಿನ ತಲೆಸ್ನಾನ ಮಾಡಿ ಬಟ್ಟಲಲ್ಲಿ ಹಾಲು ಹಿಡಿದು ಬಂದಳು.

"ಹಾವು ಹಾಲು ಕುಡಿಯಲ್ಲ ಕಣೇ. ನೀರು ಮಾತ್ರ" ಎಂದರು ಭಾವ.

"ಹಂಗಾದ್ರೆ ಇಷ್ಟು ವರ್ಷ ನಾನು ಹುತ್ತಕ್ಕೆ ಎರೆದಿದ್ದೆಲ್ಲ ಯಾರಿಗೆ?"

"ಇರುವೆಗೆ."

ಆ ದಿನ ಭಾವನಿಗೆ ಸಾರೂ ಸಿಗಲಿಲ್ಲ.

ನೀರು ಮಾತ್ರ ಎಂದು ಹೇಳಿದ್ದೇ ತಪ್ಪಾಯಿತು, ಯಾವ ನೀರು ಎಂಬ ಪೀಕಲಾಟ ಶುರುವಾಯಿತು. ಭಾವ ಕೊಮ್ಮುನಿನ, ಅಂದರೆ ಇಲ್ಲಿನ ನಗರಸಭೆಯ, ನೀರಿನ ವಿಭಾಗಕ್ಕೇ ಫೋನು ಮಾಡಿ, ನಿಮ್ಮ ನಲ್ಲಿ ನೀರು ಹಾವಿಗೆ ಆಗುತ್ತದೆಯೇ ಎಂದು ವಿಚಾರಿಸಿದರು. ಆ ಕಡೆಯ ಹೆಂಗಸು ಒಂದಿಷ್ಟೂ ನಗದೆ ಕೇಳಿಸಿಕೊಂಡು, "ನಾವು ಪರೀಕ್ಷೆ ಮಾಡೋದು ಜನರಿಗೋಸ್ಕರ. ಆದರೆ ಹಾವೂ ನಮ್ಮ ಕೊಮ್ಮುನಿನಲ್ಲೇ ತಾನೇ ಇರೋದು? ಧಾರಾಳವಾಗಿ ಕುಡೀಲಿ" ಎಂದರಂತೆ. ಭಾವನಿಗೆ ಸಮಾಧಾನವಾಗಲಿಲ್ಲ. ತಾವೇ ಕೈಯಾರೆ ನೀರು ಕಾಯಿಸಿ, ಆರಿಸಿ, ಸೋಸಿ, ಚೊಂಬಿನಲ್ಲಿಟ್ಟು, ಒಂದು ಗುಟುಕು ಕುಡಿದು ನೋಡಿ ಸ್ಟಿಗ್‌ನ ಮುಂದಿಟ್ಟರು. ಸ್ಟಿಗ್ ಕುಡಿದ. ಭಾವ ಅದರ ವೀಡಿಯೊ ಮಾಡಿ ಅಜ್ಜಿಗೆ ಕಳಿಸಿದರು.

ಅಜ್ಜಿಗೆ ಆಗಲೇ ಆಪರೇಷನ್ ಆಗಿತ್ತು. ಎದ್ದು ನಡೆಯಿರಿ ಎಂದರೆ, ಎದ್ದು ಯಾರ ಹತ್ತಿರ ಹೋಗಲಿ ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರಂತೆ. ವೀಡಿಯೊ ಬಂದ ದಿನ ಮಾತ್ರ ಎದ್ದು ನಾಲ್ಕು ಹೆಜ್ಜೆ ಹಾಕಿದರು. "ದಯವಿಟ್ಟು ದಿನಾ ಕಳಿಸಿ" ಎಂದು ನರ್ಸ್ ಫೋನು ಮಾಡಿದಾಗ ಭಾವ ಕೂತಲ್ಲಿಂದ ಎದ್ದು ನಿಂತು ಮಾತಾಡಿದರೆಂದು ಅಕ್ಕ ಹೇಳುತ್ತಾಳೆ.

ದಿನಾ ಕಳಿಸಿದರು. ಆಮೇಲೊಂದು ದಿನ ಸ್ಟಿಗ್ ನೀರು ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟದೆ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡ. ಕಣ್ಣು ಹಾಲಿನ ಹಾಗೆ ಬೆಳ್ಳಗಾಯಿತು. ಭಾವ ಕಾರ್ಲ್‌ಸ್ಟಾಡ್ ಯೂನಿವರ್ಸಿಟಿಯಲ್ಲಿದ್ದ ನನಗೆ ಫೋನು ಮಾಡಿದರು.

"ನೀನು ಕೆಮಿಸ್ಟ್ರಿ ಪಿಎಚ್‌ಡಿ ತಾನೇ? ನೀರಲ್ಲಿ ಏನಾಗಿದೆ ಹೇಳೋ."

"ಭಾವ, ನಂದು ಗೋಡೆ ಪೇಂಟಿನ ಮೇಲೆ ರಿಸರ್ಚ್."

"ಪೇಂಟಿಗೂ ನೀರು ತಾನೇ ಹಾಕೋದು? ಹೊರಡು."

ಹೊರಟೆ. ನಾನು ತಲುಪುವ ಹೊತ್ತಿಗೆ ಭಾವ ಸ್ಟಿಗ್‌ನನ್ನು ದಿಂಬಿನ ಚೀಲದಲ್ಲಿ ಹಾಕಿ, ಚಳಿಯಾಗದಂತೆ ಅಕ್ಕನ ಶಾಲು ಸುತ್ತಿ ಪಶು ಆಸ್ಪತ್ರೆಗೆ ಹೊರಡಲು ಸಿದ್ಧವಾಗಿದ್ದರು. ಪಶುವೈದ್ಯೆ ಹಾವನ್ನೂ ಭಾವನನ್ನೂ ನೋಡಿ, ಇಬ್ಬರಲ್ಲಿ ಹಾವೇ ಗಟ್ಟಿಯಾಗಿದೆ ಎಂದರು. ಪೊರೆ ಬಿಡುವ ಕಾಲ, ಕಣ್ಣು ಬೆಳ್ಳಗಾಗುವುದು ಸಹಜ. ಆಮೇಲೆ ನೀರಿನ ಕಥೆ ಕೇಳಿದರು.

"ತಾಮ್ರದ ಪಾತ್ರೆ ಬೇಡ. ತಣ್ಣೀರಿನ ನಲ್ಲಿ ತಿರುಗಿಸಿ, ಸ್ವಲ್ಪ ಹರಿಯಕ್ಕೆ ಬಿಟ್ಟು ದೊಡ್ಡ ಗಾಜಿನ ಬಟ್ಟಲಲ್ಲಿ ಹಿಡಿದಿಡಿ. ದಿನಾ ಬದಲಾಯಿಸಿ. ಅಷ್ಟು ಸಾಕು."

ಮನೆಗೆ ಬಂದ ಭಾವ ನಲ್ಲಿಯ ಮುಂದೆ ನಿಂತರು. ತಾವು ಕುಡಿಯದ ನೀರನ್ನು ಅಜ್ಜಿಯ ಸ್ಟಿಗ್‌ಗೆ ಕೊಡುವುದು ಹೇಗೆ? ಜೀವನದಲ್ಲಿ ಮೊದಲ ಸಲ ನಲ್ಲಿಗೆ ಲೋಟ ಹಿಡಿದು, ಕಣ್ಣು ಮುಚ್ಚಿ ಗಟಗಟ ಕುಡಿದು, ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ನಾನು ನಿಜವಾಗಿಯೂ ಕೈಮುಗಿಯಬೇಕು ಅಂದುಕೊಂಡೆ. ಅಷ್ಟರಲ್ಲಿ ಅಕ್ಕ ಈರುಳ್ಳಿ ಹೆಚ್ಚುತ್ತಲೇ ಹೇಳಿದಳು:

"ಏನೂ ಆಗಲ್ಲ ಬಿಡಿ. ನಿಮ್ಮ ಆಫೀಸ್ ಬಾಟ್ಲಿಗೆ ಈ ಊರಿಗೆ ಬಂದಾಗಿಂದ ನಾನು ಇದೇ ನಲ್ಲೀಲಿ ಹಿಡೀತಿರೋದು. ದಿನಾ ರಾತ್ರಿ ಕುದಿಸ್ತಾ ಕೂರೋರು ಯಾರು?"

ಭಾವ ಎದ್ದು ಹೋಗಿ ಆಫೀಸ್ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದರು.

ಸ್ಟಿಗ್ ಕೆಲವು ದಿನಗಳಲ್ಲೇ ಹಳೆಯ ಪೊರೆ ಕಳಚಿ, ಹೊಸದಾಗಿ ಬಣ್ಣ ಬಳಿದವನಂತೆ ಹೊರಬಂದು ಗಾಜಿನ ಬಟ್ಟಲಿಗೆ ಮೂತಿ ಇಟ್ಟು ನೀರು ಕುಡಿದ. ಆ ವೀಡಿಯೊದಲ್ಲಿ ಹಾವಿಗಿಂತ ಭಾವನ ಉಸಿರಿನ ಸದ್ದೇ ಜಾಸ್ತಿ ಇದೆ.

ಹಿಮ ಕರಗುವ ಹೊತ್ತಿಗೆ ಅಜ್ಜಿ ವಾಕರ್ ಹಿಡಿದು ಮನೆಗೆ ಬಂದರು. ನಾನೂ ಭಾವನೂ ಪೆಟ್ಟಿಗೆಯನ್ನು ಮೇಲಕ್ಕೆ ಹೊತ್ತು ಇಟ್ಟೆವು. ಸ್ಟಿಗ್‌ನ ಬಟ್ಟಲು ತುಂಬಿಸಲು ಭಾವ ಹೋದರೆ ಅಜ್ಜಿ ತಡೆದರು. "ಅದು ನನ್ನ ಕೆಲಸ." ವಾಕರ್ ಬಿಟ್ಟು, ಅಡುಗೆಕಟ್ಟೆ ಹಿಡಿದುಕೊಂಡು ನಲ್ಲಿಯವರೆಗೆ ನಡೆದರು. ಮಗು ಮೊದಲ ಹೆಜ್ಜೆ ಇಡುವಾಗ ಹಿಂದೆ ಹೋಗುತ್ತೇವಲ್ಲ, ಭಾವ ಹಾಗೆ ಎರಡೂ ಕೈ ಚಾಚಿಕೊಂಡು ಹಿಂದೆಯೇ ಹೋದರು. ಅಜ್ಜಿ ಸ್ಟಿಗ್‌ನ ಬಟ್ಟಲು ತುಂಬಿಸಿದರು. ಆಮೇಲೆ ಒಂದು ಲೋಟ ತುಂಬಿಸಿ, ಭಾವನಿಗೆ ಕೊಟ್ಟರು. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ, ಮೂಸಲಿಲ್ಲ. ಕೊನೆಯ ಹನಿಯವರೆಗೆ ಕುಡಿದರು.

ಮೆಟ್ಟಿಲಿಳಿಯುವಾಗ ಕೀಟಲೆಗೆಂದೇ ಕೇಳಿದೆ: "ನೀರು ಹೆಂಗಿತ್ತು ಭಾವ?"

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು.

"ರುಚಿ ನೋಡೋದೇ ಮರ್ತುಬಿಟ್ಟೆ ಕಣೋ" ಎಂದರು.