ಹಗಲಲ್ಲಿ ಪರದೆ ಎಳೆದ ಮನೆ

ಈ ಭೂಮಂಡಲದಲ್ಲಿ ನನ್ನಿಂದ ಮಾರಲಾಗದ ವಸ್ತು ಇನ್ನೂ ಹುಟ್ಟಿಲ್ಲ! ಲೀಡ್ಸ್ ಪೇಟೆಯಲ್ಲಿ ಕಾರ್ಪೆಟ್ ಅಂಗಡಿ ಇಟ್ಟು ತಲೆ ನರೆಸಿಕೊಂಡವನು ನಾನು, ವಿಲ್ಫ್ ಸಗ್ಡನ್. ಕಾಲೊರಸು ಕೇಳಲು ಬಂದವರಿಗೆ ಇಡೀ ಮನೆಗೆ ಹಾಸಿ ಕಳಿಸಿದ್ದೇನೆ. ಮೆಟ್ಟಿಲೇ ಇಲ್ಲದ ಮನೆಯವರಿಗೆ ಮೆಟ್ಟಿಲ ಕಾರ್ಪೆಟ್ ಮಾರಿದ್ದೇನೆ. ಅಂಥ ನಾನು ನನ್ನ ಹೆಂಡತಿ ಥೆಲ್ಮಾಗೆ ನಾವಿರುವ ಬೀದಿಯನ್ನು ಮಾರಲಾರೆನೇ?

ಬೀದಿಯೇನೂ ಕಳಪೆ ಮಾಲಲ್ಲ. ಊರಂಚಿನಲ್ಲಿ ಒಂದು ತುದಿ ಮುಚ್ಚಿಕೊಂಡಿರುವ ಲಾಬರ್ನಮ್ ಕ್ಲೋಸ್. ಮನೆಗಳು ಅಗ್ಗ, ಬೇಲಿಗಳು ಅಚ್ಚುಕಟ್ಟು, ಸದ್ದು ಅಂದರೆ ಸೊನ್ನೆ. ನಮ್ಮ ಮನೆಯಲ್ಲಿ ಟೀಗೆ ಸಕ್ಕರೆ ಕದಡಿದರೆ ಪಕ್ಕದ ಮನೆಯವರಿಗೆ ಎಷ್ಟು ಚಮಚ ಅಂತ ಗೊತ್ತಾಗಬೇಕು, ಅಷ್ಟು ನಿಶ್ಶಬ್ದ! ಹುಲ್ಲು ಸದಾ ಕತ್ತರಿಸಿರುತ್ತದೆ, ಕತ್ತರಿಸುವವರು ಕಾಣುವುದಿಲ್ಲ. ಕಿಟಕಿಯ ಜಾಲರಿ ಅಲುಗುತ್ತದೆ, ಅಲುಗಿಸಿದ ಕೈ ಕಾಣುವುದಿಲ್ಲ.

"ಇದು ಬೀದಿಯಲ್ಲ ರೀ. ಯಾರೋ ಸ್ಮಶಾನಕ್ಕೆ ಬಾಗಿಲು ಕಿಟಕಿ ಇಡಿಸಿದಾರೆ," ಎನ್ನುವುದು ಥೆಲ್ಮಾಳ ತೀರ್ಪು.

"ಶಾಂತಿ ಕಣೇ ಇದು! ಪೇಟೆಯಲ್ಲಿ ಇಷ್ಟು ಶಾಂತಿಗೆ ಜನ ಮನೆಮಠ ಮಾರ್ತಾರೆ."

"ನಾನು ಸತ್ತು ಬಿದ್ರೂ ಇಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳು ಮೊದಲ ಬಸ್ಸಿಗೇ ಸ್ಕಾರ್ಬರೋಗೆ, ತಂಗಿ ಡೋರೀನ್ ಮನೆಗೆ ಹೊರಟಳು. ಅಲ್ಲಿ ಸಮುದ್ರದ ಎದುರು ಒಂದು ಮನೆ ಖಾಲಿ ಇದೆಯಂತೆ. ನೋಡಿಕೊಂಡು ಬರುತ್ತಾಳಂತೆ. ಸಮುದ್ರದ ಪಕ್ಕ ಕಾರ್ಪೆಟ್ ಯಾರಿಗೆ ಬೇಕು? ಮರಳು, ತೇವ! ನನ್ನ ಅಂಗಡಿಯ ಗತಿ?

ಬಾಗಿಲಲ್ಲಿ ನಿಂತು ಅವಳು ಷರತ್ತು ಹಾಕಿದಳು. "ನಾನು ವಾಪಸ್ ಬರೋದ್ರೊಳಗೆ ಈ ಬೀದಿಯ ಒಬ್ಬರು, ಒಬ್ಬರೇ ಒಬ್ಬರು ನಮ್ಮನೆ ಬಾಗಿಲಿಗೆ ಬಂದಿದ್ರೆ ಇಲ್ಲೇ ಇರೋಣ. ಇಲ್ಲಾಂದ್ರೆ ಸಮುದ್ರ."

"ಒಬ್ಬರೇನು, ಇಡೀ ಬೀದಿ ಬರುತ್ತೆ ನೋಡ್ತಿರು!" ಎಂದು ಮೀಸೆ ತಿರುವಿದೆ. ಮೀಸೆ ಇರಲಿಲ್ಲ. ಆದರೂ ತಿರುವಿದೆ.

ಅಂಗಡಿಗೆ ಹೊರಡುವ ಮುನ್ನ ಮುಂದಿನ ಕೋಣೆಗೊಮ್ಮೆ ಕಣ್ಣು ಹಾಯಿಸಿದೆ. ಹಿಂದಿನ ದಿನವಷ್ಟೇ ಹಾಸಿದ್ದ ಕಡುಗೆಂಪು ಕಾರ್ಪೆಟ್! ಕಾರ್ಪೆಟ್ ಏನು ಬಂತು, ಸಾಕ್ಷಾತ್ ರತ್ನಗಂಬಳಿ! ಅದರ ಮೇಲೆ ಬಿಸಿಲು ಬೆಕ್ಕಿನಂತೆ ಮೈಚಾಚಿ ಮಲಗಿತ್ತು. ಬಿಸಿಲು ಕೆಂಪಿನ ಶತ್ರು ಎಂಬುದು ನಮ್ಮ ವ್ಯಾಪಾರದ ಮೊದಲ ಪಾಠ. ಬೀದಿಗೆ ಮುಖ ಮಾಡಿದ ಪರದೆಗಳನ್ನೆಲ್ಲ, ಮೇಲಿನವು ಕೆಳಗಿನವು, ಸರಸರನೆ ಎಳೆದು ಹೋದೆ.

ಸಂಜೆ ಮರಳಿದವನೇ ಕಾರ್ಪೆಟ್ ಹಾಸಿ ಉಳಿದಿದ್ದ ತುಂಡುಗಳನ್ನು ಚೌಕವಾಗಿ ಕತ್ತರಿಸಿ, ಅಂಚು ಹೊಲಿದು, ಮನೆಮನೆಗೆ ಉಡುಗೊರೆ ಹೊತ್ತೆ. ಈ ಬೀದಿಯಲ್ಲಿ ಕರೆಗಂಟೆ ಒತ್ತಿದ ಮೊದಲ ಮಾನವ ನಾನೇ ಇರಬೇಕು. ಗಂಟೆಯೇ ಬೆಚ್ಚಿಬಿದ್ದಂತೆ ಬಡಿದುಕೊಂಡಿತು.

ಎಡಪಕ್ಕದ ಮಿಸೆಸ್ ಹೆಪ್‌ವರ್ತ್ ಬಾಗಿಲನ್ನು ಮೂಗು ಹಿಡಿಸುವಷ್ಟು ತೆರೆದರು. ನನ್ನನ್ನು ಕಂಡು ಮುಖ ಬಿಳಿಚಿತು.

"ಪಕ್ಕದ ಮನೆ ಸಗ್ಡನ್. ಇದು ನಿಮಗೆ, ನಮ್ಮ ಹಜಾರದ ಕಾರ್ಪೆಟ್ಟಿನ ತುಂಡು."

ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಥೆಲ್ಮಾ ಇದರ ಮೇಲೆ ಓಡಾಡಿದ್ರಾ?"

"ಒಂದೇ ಒಂದು ದಿನ."

ಮಿಸೆಸ್ ಹೆಪ್‌ವರ್ತ್ ತುಂಡನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತರು! ಬಾಗಿಲು ಮುಚ್ಚಿತು. ನಾನು ಬೆರಗಾದೆ. ನನ್ನ ಮಾಲಿಗೆ ಗಿರಾಕಿಗಳು ಚೌಕಾಸಿ ಮಾಡಿದ್ದುಂಟು, ಬೈದದ್ದುಂಟು, ಅತ್ತದ್ದು ಇದೇ ಮೊದಲು. ಎಂಥ ಕೆಂಪು ನೋಡಿ!

ಮರುದಿನದಿಂದ ಶುರುವಾಯಿತು ವಿಚಿತ್ರ. ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಒಂದು ಮಾಂಸದ ಪೈ. ಬಟ್ಟೆ ಮುಚ್ಚಿದೆ, ಹಬೆ ಏಳುತ್ತಿದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಜನವಿಲ್ಲ. ಹೆಜ್ಜೆ ಸದ್ದೂ ಕೇಳಿರಲಿಲ್ಲ. ಪೈ ಒಳಗಿಟ್ಟು ಬರುವಷ್ಟರಲ್ಲಿ ಅದೇ ಜಾಗದಲ್ಲಿ ಒಂದು ಹ್ಯಾಮ್ ತಟ್ಟೆ! ಸಂಜೆಗೆ ಒಂದು ಬಟ್ಟಲು ಕಸ್ಟರ್ಡ್, ತಟ್ಟಿ ನೋಡಿದರೆ ಇನ್ನೂ ನಡುಗುತ್ತಿದೆ. ಅಂದರೆ ಇಟ್ಟವರು ಈಗಷ್ಟೇ ಹೋಗಿದ್ದಾರೆ. ಎಲ್ಲಿಗೆ?

ಥೆಲ್ಮಾಗೆ ಫೋನ್ ಮಾಡಿದೆ. "ಗೆದ್ದೆ ಕಣೇ! ಪೈಗಳ ಮೆರವಣಿಗೆ!"

"ಯಾರು ತಂದ್ರು?"

"ಅದೇ ಗೊತ್ತಾಗ್ತಿಲ್ಲ. ಪೈ ಇರುತ್ತೆ, ಮನುಷ್ಯರಿರಲ್ಲ."

"ಭೂತ ಮಾಡಿದ ಅಡುಗೆ ತಿಂತಿದೀರಾ?"

"ಮೇಲಿನ ಪದರ ಗರಿಗರಿ ಇದೆ ಕಣೇ."

"ಪೈ ಬಂದ್ರೆ ಲೆಕ್ಕಕ್ಕಿಲ್ಲ ರೀ. ಮನುಷ್ಯ ಬರಬೇಕು. ಭಾನುವಾರ ಬರ್ತೀನಿ. ಇಲ್ಲಿ ಸಮುದ್ರ ಬಲು ಚೆನ್ನಾಗಿದೆ," ಎಂದು ಫೋನ್ ಕುಕ್ಕಿದಳು.

ಅಷ್ಟು ದಿನ ಪೈಗಾಗಿ ಹೊಸ್ತಿಲನ್ನಷ್ಟೇ ನೋಡುತ್ತಿದ್ದವನು ಶನಿವಾರ ಅಂಗಡಿ ಬೇಗ ಮುಚ್ಚಿ ಬಂದೆ. ಬೀದಿಯ ತಿರುವಿನಲ್ಲೇ ಕಾಲು ನಿಂತುಬಿಟ್ಟಿತು.

ಸುಡು ಮಧ್ಯಾಹ್ನ. ಪ್ರತಿ ಮನೆಯ ಪ್ರತಿ ಕಿಟಕಿಗೂ ಪರದೆ ಎಳೆದಿದೆ. ಎರಡು ಸಾಲು ಮನೆಗಳು ಕಣ್ಣು ಮುಚ್ಚಿ ನಿಂತಿವೆ, ನನ್ನನ್ನು ನೋಡಬಾರದು ಎಂದು ಹಟ ತೊಟ್ಟ ಹಾಗೆ. ಹುಲ್ಲು ಕತ್ತರಿಸುವ ಯಂತ್ರವೊಂದು ಅರ್ಧ ಅಂಗಳ ಕತ್ತರಿಸಿ ಅಲ್ಲೇ ಅನಾಥವಾಗಿದೆ. ನಾಯಿ ಬೊಗಳುತ್ತಿಲ್ಲ. ದೂರದಿಂದ ಐಸ್‌ಕ್ರೀಮ್ ಗಾಡಿ ತನ್ನ ಟಿಣಿಟಿಣಿ ಹಾಡು ಹಾಡುತ್ತ ಬಂತು. ನಮ್ಮ ಬೀದಿಗೆ ತಿರುಗುತ್ತಲೇ ಹಾಡು ತಟ್ಟನೆ ತುಂಡಾಯಿತು. ಗಾಡಿ ಮೌನವಾಗಿ ತೆವಳುತ್ತ ಬಂದು, ಮೌನವಾಗಿ ತಿರುಗಿ ಹೋಯಿತು. ಓಡಿಸುವವನು ನನ್ನ ಮುಂದೆ ಹಾಯುವಾಗ ಟೋಪಿ ತೆಗೆದು ಎದೆಗಿಟ್ಟುಕೊಂಡ!

ನನ್ನ ಬೆನ್ನಹುರಿಯಲ್ಲಿ ಯಾರೋ ಐಸ್‌ಕ್ರೀಮ್ ಸುರಿದಂತಾಯಿತು. ಮನೆಯೊಳಗೆ ಓಡಿ ಕನ್ನಡಿ ನೋಡಿಕೊಂಡೆ. ಕಾಣಿಸುತ್ತಿದ್ದೆ. ಚಿವುಟಿಕೊಂಡೆ. ನೋಯಿತು. ಸತ್ತವರಿಗೂ ನೋಯುತ್ತದೋ ಏನೋ, ಕೇಳೋಣವೆಂದರೆ ಪರಿಚಯದವರಿಲ್ಲ! ಪರದೆ ಸರಿಸಿ ಬೀದಿ ನೋಡುವ ಧೈರ್ಯವಂತೂ ಆಗಲಿಲ್ಲ. ಕತ್ತಲುಗಟ್ಟಿದ ಹಜಾರದಲ್ಲಿ ಕೆಂಪು ಕಾರ್ಪೆಟ್ ಕಪ್ಪಗೆ ಕಾಣುತ್ತಿತ್ತು. ಬೇರೆ ದಾರಿ ಕಾಣದೆ ಪೈ ತಿಂದೆ.

ಸಂಜೆ ಹಿತ್ತಲಿನ ಬೇಲಿಯಾಚೆ ಒಂದು ತಲೆ ಮೂಡಿತು. ಬಲಪಕ್ಕದ ಮನೆಯ ಮುದುಕ ಈನಕ್. ಗಣಿಯಲ್ಲಿ ದುಡಿದು ನಿವೃತ್ತನಾದ ಆಸಾಮಿ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಬಂದದ್ದು ಕೆಮ್ಮು ಮಾತ್ರ.

"ಥೆಲ್ಮಾ... ಯಾವತ್ತು, ಮಗನೇ?" ಎಂದ, ಕ್ಯಾಪು ಹಿಂಡುತ್ತ.

ಮಾತಾಡಿದ! ನನಗೆ ಹೋದ ಜೀವ ಬಂದಂತಾಯಿತು. "ನಾಳೆ ಮಧ್ಯಾಹ್ನ. ನಾದಿನಿಯ ಗಂಡ ಕಾರಲ್ಲಿ ತರ್ತಾನೆ."

"ಸೀದಾ ಮನೆಗೇ ತರ್ತಾರಾ?"

"ಇನ್ನೆಲ್ಲಿಗೆ ತರ್ತಾರೆ?"

"ಹಾಗೇ ಆಗ್ಬೇಕು. ಈಗಿನವರು ಮನೆಗೇ ತರಲ್ಲ." ಅವನ ಕಣ್ಣು ಒದ್ದೆಯಾಯಿತು. "ನಾವೆಲ್ಲ ಬರ್ತೀವಿ, ಮಗನೇ. ಇಡೀ ಬೀದಿ."

ಇಡೀ ಬೀದಿ! ನನ್ನ ಭಯವೆಲ್ಲ ಹಾರಿಹೋಗಿ, ಕುಣಿದು ಕುಪ್ಪಳಿಸಿ, "ಬನ್ನಿ ಬನ್ನಿ, ಪಾರ್ಟಿ ಮಾಡೋಣ!" ಎಂದೆ. ಈನಕ್ ನನ್ನನ್ನು ಕರುಣೆಯಿಂದ ನೋಡಿ, ಬೇಲಿಯ ಹಿಂದೆ ಮುಳುಗಿದ.

ಭಾನುವಾರ ಮಾತು ಉಳಿಸಿಕೊಂಡರು. ಬೀದಿಯ ಎರಡೂ ಬದಿಗೆ, ತಂತಮ್ಮ ಗೇಟಿನ ಮುಂದೆ ನಿಂತರು. ಎಲ್ಲರೂ ಕಪ್ಪು ಬಟ್ಟೆ. ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇದೆಂಥ ಪಾರ್ಟಿ ಎಂದು ನಾನು ಯೋಚಿಸುತ್ತಿರುವಾಗಲೇ ತಿರುವಿನಲ್ಲಿ ಕಾರು ಕಾಣಿಸಿತು. ಡೋರೀನಳ ಗಂಡ ಮದುವೆಗೂ ಮಣ್ಣಿಗೂ ಕಾರು ಬಾಡಿಗೆಗೆ ಬಿಡುವವನು. ಅದು ಅವನ ಉದ್ದನೆಯ ಕರಿ ಕಾರು. ಅಷ್ಟು ಜನರನ್ನು ಕಂಡು, ಅಭ್ಯಾಸಬಲದಿಂದ, ನಡಿಗೆಯ ವೇಗಕ್ಕೆ ಇಳಿಸಿದ. ಗಂಡಸರ ಟೋಪಿಗಳು ಒಟ್ಟಿಗೆ ಇಳಿದವು. ತಲೆಗಳು ಒಟ್ಟಿಗೆ ಬಾಗಿದವು. ಕಾರು ನನ್ನ ಮುಂದೆ ನಿಂತಿತು.

ಹಿಂದಿನ ಬಾಗಿಲು ತೆರೆದು ಥೆಲ್ಮಾ ಇಳಿದಳು. ಜೋರಾಗಿ ಸೀನಿದಳು.

ಮಿಸೆಸ್ ಹೆಪ್‌ವರ್ತ್ ಕಿಟಾರನೆ ಕಿರುಚಿ ಬೇಲಿಯ ಮೇಲೆ ಒರಗಿದರು. ಈನಕ್ ಶಿಲುಬೆಯ ಗುರುತು ಮಾಡಿಕೊಂಡ. ಅವನ ಕೈಯಲ್ಲಿದ್ದ ಹೂಗಳ ಕಟ್ಟು ಆಗ ನನಗೆ ನೆಟ್ಟಗೆ ಕಂಡಿತು. ಬಿಳಿ ಸೇವಂತಿಗೆಯಲ್ಲಿ, ಮೊಳದುದ್ದದ ಅಕ್ಷರಗಳಲ್ಲಿ ಥೆಲ್ಮಾ ಎಂದು ಹೆಣೆದಿದ್ದರು.

"ಏನ್ರೀ ಇದು?" ಎಂದಳು ಥೆಲ್ಮಾ, ತನ್ನ ಹೆಸರನ್ನು ಓದುತ್ತ.

"ಹಗಲಲ್ಲಿ ಪರದೆ ಎಳೆದಿತ್ತಲ್ಲಮ್ಮ," ಈನಕ್ ತೊದಲಿದ. "ಹಗಲಲ್ಲಿ ಪರದೆ ಎಳೆದ್ರೆ ಅದು ಸಾವಿನ ಮನೆ. ನಮ್ಮ ಕಡೆ ಹಸುಗೂಸಿಗೂ ಗೊತ್ತು. ನೀವು ಬೇರೆ ಕಾಣಿಸ್ಲಿಲ್ಲ. ಮಣ್ಣಾಗೋವರೆಗೂ ಬೀದಿಯೆಲ್ಲ ಪರದೆ ಎಳೀಬೇಕು, ಎಳೆದ್ವಿ. ಸದ್ದಿಲ್ದೆ ಅಡುಗೆ ತಂದಿಡಬೇಕು, ಇಟ್ವಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಅಜ್ಜಿಯ ಕಾಲದಲ್ಲಿ ಇದನ್ನು ನಾನೂ ಕಂಡಿದ್ದೆ. ಆ ಪದ್ಧತಿಯನ್ನು ಅಜ್ಜಿಯ ಜೊತೆಗೇ ಹೂತೆವು ಅಂದುಕೊಂಡಿದ್ದೆ.

"ಕಾರ್ಪೆಟ್... ಬಣ್ಣ ಹೋಗುತ್ತೆ ಅಂತ..." ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಥೆಲ್ಮಾ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ಬೀದಿಯನ್ನು ನೋಡಿದಳು. ಮುಚ್ಚಿದ ಕಿಟಕಿಗಳು, ಕಪ್ಪು ಬಟ್ಟೆಗಳು, ಒದ್ದೆ ಕರವಸ್ತ್ರಗಳು. "ನೀವೆಲ್ಲ ನನಗೋಸ್ಕರ ಅತ್ರಾ?" ಎಂದಳು ಮೆಲ್ಲಗೆ.

"ದಿನಾ ಅಳ್ತಿದ್ದೆ," ಎಂದರು ಬೇಲಿಯಿಂದ ಮಿಸೆಸ್ ಹೆಪ್‌ವರ್ತ್. "ನೀವು ಬಟ್ಟೆ ಒಣಹಾಕ್ತಾ ಗುನುಗೋದನ್ನ ನಮ್ಮ ಅಡುಗೆಮನೆಯಿಂದ ಕೇಳ್ತಿದ್ದೆ. ಇಷ್ಟು ದಿನ ಅದಿರ್ಲಿಲ್ಲ."

ಥೆಲ್ಮಾ ಹೂಗಳನ್ನು ಈನಕ್ ಕೈಯಿಂದ ತೆಗೆದುಕೊಂಡು, ಮಗುವಿನ ಹಾಗೆ ತೋಳಲ್ಲಿ ಎತ್ತಿಕೊಂಡಳು. "ಡೋರೀನ್ ಗಂಡಂಗೆ ಹೇಳಿ ರೀ, ಆ ಮನೆ ಬೇಡ ಅಂತ. ಇಂಥ ಜನ ಬಿಟ್ಟು ಸಮುದ್ರಕ್ಕೆ ಯಾವ ಮೂರ್ಖ ಹೋಗ್ತಾನೆ?"

ಮಾರಿಬಿಟ್ಟಿದ್ದೆ! ಬೀದಿಯನ್ನು ಹೆಂಡತಿಗೆ ಮಾರಿಬಿಟ್ಟಿದ್ದೆ! ಆ ಉಬ್ಬಿನಲ್ಲಿ ಸುಮ್ಮನಿರಬಾರದೇ? ವ್ಯಾಪಾರಿಯ ಬಾಯಿ, ಸುಮ್ಮನಿರಲಿಲ್ಲ. ಈನಕ್ ಹೆಗಲ ಮೇಲೆ ಕೈ ಹಾಕಿ, ಇಡೀ ಬೀದಿಗೆ ಕೇಳುವಂತೆ ಕೇಳಿದೆ:

"ಅಂದ್ರೆ ನಾಳೆ ನಾನು ಸತ್ರೂ ಎಲ್ಲರೂ ಹೀಗೇ ಪರದೆ ಎಳೆದು, ಹೀಗೇ ಅಳ್ತೀರಿ, ಅಲ್ವಾ?"

ಈನಕ್ ನಿಧಾನವಾಗಿ ಕ್ಯಾಪು ಹಾಕಿಕೊಂಡು, ಆಕಾಶವನ್ನು ಬಹಳ ಹೊತ್ತು ನೋಡಿದ.

"ಮಳೆ ಬರೋ ಹಾಗಿದೆ," ಎಂದ.

"ಹೌದೌದು, ಜೋರಾಗೇ ಬರುತ್ತೆ," ಎಂದರು ಎಲ್ಲರೂ. ಸರಸರನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.