ಒಂದೇ ಮಾತಿನ ದೊರೆ

ನಮ್ಮ ಪಕ್ಕದ ಮನೆಯ ದೊರೆಗಳು ಟಿವಿಯಲ್ಲಿ ಹನ್ನೊಂದು ಸಲ ಸತ್ತಿದ್ದಾರೆ. ನಂಬಿಕೆ ಬಾರದಿದ್ದರೆ ಕುವೈತಿನ ರುಮೈಥಿಯಾದ ನಮ್ಮ ಕಟ್ಟಡಕ್ಕೆ ಬನ್ನಿ, ಹನ್ನೆರಡನೆಯ ಸಲ ನಿಮ್ಮೆದುರೇ ಸತ್ತು ತೋರಿಸುತ್ತಾರೆ!

ಇಂಗ್ಲೆಂಡಿನಲ್ಲಿ ಅವರು ನಟ. ಇಲ್ಲಿ ಮಕ್ಕಳಿಗೆ ಇಂಗ್ಲಿಷ್ ಮೇಷ್ಟ್ರು. ದೊರೆಗಳು ಎಂಬುದು ನನ್ನ ಹೆಂಡತಿ ಇಟ್ಟ ಹೆಸರು. ಟಿವಿಯಲ್ಲಿ ಅವರಿಗೆ ಸಿಕ್ಕಿದ್ದು ಹೆಣದ ಪಾತ್ರ, ಇಲ್ಲವೇ ಇನ್ನೇನು ಹೆಣವಾಗಲಿರುವವನ ಪಾತ್ರ. ರಂಗಭೂಮಿಯಲ್ಲೋ, ನಾಯಕನಟ ಹುಷಾರು ತಪ್ಪಿದರೆ ಬದಲಿಗೆ ನಿಲ್ಲುವ ಕೆಲಸ. ಮೂರು ವರ್ಷ ವೇಷ ಹಾಕಿಕೊಂಡು ಕಾದರು. ಆ ಪುಣ್ಯಾತ್ಮನಿಗೆ ಒಂದು ನೆಗಡಿಯಾದರೂ ಆಗಬಾರದೆ?

"ನೀವೇ ಅವನಿಗೊಂದು ಐಸ್‌ಕ್ರೀಮ್ ತಿನ್ನಿಸಬೇಕಿತ್ತು" ಎಂದೆ.

"ತಿನ್ನಿಸಿದೆ. ಜೊತೆಗೆ ನಾನೂ ತಿಂದೆ. ಜ್ವರ ಬಂದದ್ದು ನನಗೆ!"

ಈಗಲೂ ಲಂಡನ್ನಿನಿಂದ ಯಾರಾದರೂ ಕರೆದಾರೆಂದು ಗಳಿಗೆಗೊಮ್ಮೆ ಫೋನು ನೋಡುತ್ತಾರೆ. ಕರೆಯುವವನು ಟ್ಯಾಕ್ಸಿಯವನೊಬ್ಬನೇ.

ಈ ವರ್ಷ ನಮ್ಮ ಕರಾವಳಿಯವರ ಸಂಘದ ನಾಟಕದಲ್ಲಿ ಬ್ರಿಟಿಷ್ ಕಲೆಕ್ಟರನ ಪಾತ್ರವಿತ್ತು. ಇಂಥ ಪಾತ್ರ ಬಂದಾಗಲೆಲ್ಲ ನನ್ನ ಮುಖಕ್ಕೆ ಅರ್ಧ ಡಬ್ಬಿ ಪೌಡರ್ ಬಳಿಯುತ್ತಿದ್ದರು. ಪಕ್ಕದಲ್ಲೇ ಅಸಲಿ ಮಾಲು ಇರುವಾಗ ನಾನೇಕೆ? ಕೇಳಿದ್ದೇ ತಡ, ದೊರೆಗಳು ಕೋಟಿಗೆ ಇಸ್ತ್ರಿ ಹಾಕತೊಡಗಿದರು. ತಲೆಮರೆಸಿಕೊಂಡವನೊಬ್ಬನನ್ನು ಹುಡುಕುತ್ತಾ ಬಂದು, "ಆತ ಎಲ್ಲಿ?" ಎಂದು ಗದರಿಸಿ ಹೊರಟುಹೋಗಬೇಕು. ಪಾತ್ರವೆಂದರೆ ಅಷ್ಟೇ.

ನಿರ್ದೇಶಕರು ಶುವೈಖಿನಲ್ಲಿ ಟಯರ್ ವ್ಯಾಪಾರ ಮಾಡುವ ನಮ್ಮ ಬ್ಯಾರಿ ಗೆಳೆಯರು. ದೊರೆಗಳು ಅವರನ್ನು ಮೂಲೆಗೆ ಕರೆದು, "ಈ ಕಲೆಕ್ಟರನ ಬಾಲ್ಯ ಹೇಗಿತ್ತು?" ಎಂದು ವಿಚಾರಿಸಿದರು.

"ಬಾಲ್ಯ ಎಂತದ್ದು ಸಾಹೇಬ್ರೆ? ಬನ್ನಿ, ಬೊಬ್ಬೆ ಹೊಡೀರಿ, ಹೋಗಿ. ಖಲಾಸ್!"

ದೊರೆಗಳ ನಾಲಿಗೆಗೆ 'ತ' ಹೊರಳುತ್ತಿರಲಿಲ್ಲ. "ಅಂಕಲ್, ನಾಟ್ ಟ! ತ!" ಎಂದು ತಿಂಗಳಿಡೀ ತಿದ್ದಿದವಳು ನನ್ನ ಮಗಳು, ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು!

ನಾಟಕದ ದಿನ ದೊರೆಗಳು ರಂಗದ ನಡುವೆ ನಿಂತು ಗುಡುಗಿದರು: "ಆಟ ಎಲ್ಲಿ?"

ಯಕ್ಷಗಾನವನ್ನು 'ಆಟ' ಎನ್ನುವ ಊರಿನವರ ಮುಂದೆ ಕೇಳುವ ಮಾತೇ ಇದು! ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಇಲ್ಲಿ ಎಲ್ಲಿಯ ಆಟ ಮಾರಾಯ್ರೆ? ಅದಕ್ಕೆ ಊರಿಗೇ ಹೋಗ್ಬೇಕು!"

ನಗು ತಟ್ಟನೆ ತಗ್ಗಿತು. ಊರಿಗೆ ಹೋಗಲು ರಜೆ ಸಿಗದವರೇ ತುಂಬಿದ್ದ ಸಭೆಯಲ್ಲವೇ ಅದು?

ದೊರೆಗಳು ಮಾತ್ರ ರಂಗ ಬಿಟ್ಟು ಹೋಗಲಿಲ್ಲ. ಎದುರಿನ ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಿಂತೇಬಿಟ್ಟರು. ಪರದೆಯ ಮರೆಯಲ್ಲಿ ನಿರ್ದೇಶಕರು "ಯಲ್ಲಾ! ಯಲ್ಲಾ!" ಎಂದು ಅರಬ್ಬಿಯಲ್ಲಿ ಅವಸರಿಸುತ್ತಾ ಕೈಬೀಸಿ ಸುಸ್ತಾದರು. ಕೊನೆಗೆ ಪೇದೆಯ ವೇಷದಲ್ಲಿದ್ದ ನಾನೇ ಕೈಹಿಡಿದು ಕರೆತಂದೆ. ಕಲೆಕ್ಟರನನ್ನೇ ಪೇದೆ ಎಳೆದೊಯ್ದ ಏಕೈಕ ನಾಟಕ ನಮ್ಮದು!

ನಾಟಕ ಮುಗಿಯುತ್ತಲೇ ಚೆನ್ನಾಗಿ ಬೈಯಬೇಕೆಂದು ನಿರ್ದೇಶಕರು ಬಣ್ಣದ ಕೋಣೆಗೆ ನುಗ್ಗಿದರು. ಹಿಂದೆಯೇ ನಾನು. ದೊರೆಗಳು ಕೋಟನ್ನು ಸುಕ್ಕಾಗದಂತೆ ಹ್ಯಾಂಗರಿಗೆ ತೂಗುಹಾಕುತ್ತಿದ್ದರು. ನಮ್ಮತ್ತ ತಿರುಗಿ ಕೇಳಿದರು:

"ನಾಳೆ ಶೋ ಎಷ್ಟು ಗಂಟೆಗೆ?"

ನಾವು ವರ್ಷಕ್ಕೆ ಒಂದೇ ಸಲ ಆಡುವವರು. ನಿರ್ದೇಶಕರು ಒಮ್ಮೆ ನನ್ನ ಮುಖ ನೋಡಿದರು.

"ಆರು ಗಂಟೆಗೆ ಸಾಹೇಬ್ರೆ. ನನ್ನ ಗೋದಾಮಲ್ಲಿ."

ಮರುದಿನ ಎಲ್ಲರೂ ಆಫೀಸಿನಿಂದ ನೇರವಾಗಿ ಅಲ್ಲಿಗೇ ಬಂದರು. ಹೆಂಡತಿ ಮಕ್ಕಳು ಟಯರುಗಳ ಮೇಲೆ ಕುಳಿತರು. ದೊರೆಗಳು ಬಂದು ತಮ್ಮ ಮಾತು ಹೇಳಿದರು. ಆಮೇಲೆ ಅವರು ಎಷ್ಟು ಹೊತ್ತು ನಿಂತರೋ, ಅಷ್ಟು ಹೊತ್ತೂ ನಾವು ಸುಮ್ಮನೆ ಕಾದೆವು.